ಅರಿಶಿಣ: ಚಮಚದಲ್ಲಿ ಮದ್ದು, ಮಾತ್ರೆಯಲ್ಲಿ ಎಚ್ಚರ

ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದಲ್ಲಿ ಕಬ್ಬಿನ ಹೊಲಗಳ ನಡುವೆ ಅರಿಶಿಣದ ಅಗಲವಾದ ಎಲೆಗಳು ಕಾಣಸಿಗುವುದು ಹೊಸತೇನಲ್ಲ. ಕಾಗವಾಡದ ಗಡಿ ದಾಟಿದರೆ ಮೀರಜ್, ಅದರಾಚೆ ಅರಿಶಿಣ ಪೇಟೆಗೆ ಹೆಸರಾದ ಸಾಂಗ್ಲಿ. ತಂಬಾಕಿನ ಊರು ನಿಪ್ಪಾಣಿಯಲ್ಲಿಯೂ ಕೆಮ್ಮು, ನೆಗಡಿಗೆ ಮೊದಲ ಮದ್ದು ಅರಿಶಿಣದ ಹಾಲೇ.

ಈ ಮದ್ದಿಗೆ ಅಮೆರಿಕ ಒಮ್ಮೆ ಪೇಟೆಂಟನ್ನೇ ಕೊಟ್ಟಿತ್ತು. ಗಾಯಕ್ಕೆ ಅರಿಶಿಣ ಬಳಸುವ ವಿಧಾನಕ್ಕೆ 1995ರಲ್ಲಿ ನೀಡಿದ ಹಕ್ಕನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಪ್ರಶ್ನಿಸಿತು. ಇದು ಭಾರತೀಯರಿಗೆ ಹಿಂದಿನಿಂದಲೂ ತಿಳಿದ ಸಂಗತಿ ಎಂದು ದಾಖಲೆ ಸಮೇತ ತೋರಿಸಿದ್ದರಿಂದ 1997ರಲ್ಲಿ ಪೇಟೆಂಟ್ ರದ್ದಾಯಿತು.

ಅರಿಶಿಣದ ಗುಣಕ್ಕೆ ಮುಖ್ಯ ಕಾರಣವೆಂದು ಹೇಳಲಾಗುವ ಕರ್ಕ್ಯುಮಿನ್ ಪುಡಿಯಲ್ಲಿ ಇರುವುದು ಸುಮಾರು ಶೇ 3ರಷ್ಟು ಮಾತ್ರ. ಅದನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದೂ ಇಲ್ಲ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಹೀರಿಕೆ 20 ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಅರಿಶಿಣದ ಹಾಲಿಗೆ ಚಿಟಿಕೆ ಮೆಣಸಿನ ಪುಡಿ ಹಾಕುವ ಅಜ್ಜಿಯರ ರೂಢಿಯಲ್ಲಿ ಅರ್ಥವಿತ್ತು ಎನ್ನಬೇಕು.

ತೊಡಕು ಹುಟ್ಟಿದ್ದು ಇದೇ ಜೋಡಿ ಮಾತ್ರೆಯ ರೂಪ ತಾಳಿದಾಗ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಕರ್ಕ್ಯುಮಿನ್ ವರೆಗೆ ಸೇವಿಸಬಹುದೆಂಬುದು ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿಯ ಮಿತಿ. 60 ಕಿಲೋ ತೂಗುವವರಿಗೆ ಇದು 180 ಮಿಲಿಗ್ರಾಂ. ಒಂದು ಚಮಚ ಪುಡಿಯಲ್ಲಿ ಸುಮಾರು 90 ಮಿಲಿಗ್ರಾಂ ಇದ್ದರೆ, ಮಾರುಕಟ್ಟೆಯ ಒಂದು ಮಾತ್ರೆಯಲ್ಲಿ 500 ಇರುವುದೂ ಉಂಟು, ಮೇಲೆ ಪೈಪರಿನ್ ಬೇರೆ. ಇಂತಹ ಮಾತ್ರೆ ಸೇವಿಸಿದ ಕೆಲವರಿಗೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ದಾಖಲಾಗಿವೆ. ಪಿತ್ತಕೋಶದ ಕಲ್ಲು ಇರುವವರು, ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟದಿರುವುದೇ ಲೇಸು.

ಸುಟ್ಟ ಗಾಯ, ಆಳವಾದ ಗಾಯ ಹಾಗೂ ನವಜಾತ ಶಿಶುವಿನ ಹೊಕ್ಕುಳಿಗೆ ಅಡುಗೆಮನೆಯ ಅರಿಶಿಣ ಹಚ್ಚಬಾರದು. ಡಬ್ಬಿಯ ಪುಡಿ ಕ್ರಿಮಿರಹಿತವಲ್ಲ.

ಇನ್ನೊಂದು ಅಪಾಯ ಬಣ್ಣದ್ದು. ಕಿತ್ತ ಗಡ್ಡೆಯನ್ನು ಕುದಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಡುವ ಹಂತದಲ್ಲಿ ಕೆಲವೆಡೆ ಸೀಸದ ಕ್ರೋಮೇಟ್ ಎಂಬ ವಿಷಕಾರಿ ಹಳದಿ ಪುಡಿ ಸೇರುತ್ತದೆ. ಕಿಲೋ ಅರಿಶಿಣದಲ್ಲಿ ಸೀಸ 10 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ನಿಯಮ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಟ್ನಾದ ಮಾದರಿಯೊಂದರಲ್ಲಿ 2,000 ಮಿಲಿಗ್ರಾಂಗೂ ಮಿಕ್ಕಿತ್ತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಇದನ್ನು ಮನೆಯಲ್ಲಿ ಕಣ್ಣಂದಾಜಿನಿಂದ ಪತ್ತೆ ಹಚ್ಚಲಾಗದು, ಪ್ರಯೋಗಾಲಯವೇ ಬೇಕು. ಥಳಥಳಿಸುವ ಕೊಂಬೇ ಉತ್ತಮವೆಂದು ಆರಿಸುವ ನಗರದ ಗ್ರಾಹಕರು ಹೊಳಪು ಕೊಡದ, ಮಾಸಲು ಬಣ್ಣದ ಕೊಂಬನ್ನು ಪರಿಚಯದ ಬೆಳೆಗಾರರಿಂದ ಕೊಂಡು ಗಿರಣಿಯಲ್ಲಿ ಪುಡಿ ಮಾಡಿಸಿಕೊಳ್ಳಬಹುದು.