ಅಮ್ಮನ ಟೇಪು, ನನ್ನ ಎಡಭುಜ

ಹಲಸೂರು ಮೆಟ್ರೊ ನಿಲ್ದಾಣದ ಸ್ಕ್ಯಾನರ್‌ ಒಳಗೆ ಹೋದ ನನ್ನ ಬ್ಯಾಗನ್ನು ಪಕ್ಕಕ್ಕೆ ಎತ್ತಿಟ್ಟರು. ಸೆಕ್ಯುರಿಟಿ ಅಕ್ಕ ಜಿಪ್‌ ತೆಗೆಸಿ, ಒಳಗಿದ್ದುದನ್ನು ಎಳೆದು ಮೇಜಿನ ಮೇಲೆ ಹರಡಿದರು. ಎರಡಿಂಚು ಅಗಲದ ಕಪ್ಪು ಪಟ್ಟಿಗಳು, ಸ್ಟೀಲಿನ ಡಿ-ರಿಂಗ್‌ಗಳು, ಬಕಲ್‌ಗಳು, ಒಂದಿಷ್ಟು ಎಲಾಸ್ಟಿಕ್‌ ಹಗ್ಗ. 'ಏನಮ್ಮ ಇದು, ಕುದುರೆಗೆ ಹಾಕೋದಾ?' ಅಂದರು. 'ಇಲ್ಲ ಅಕ್ಕ, ನಂಗೇ' ಅಂದೆ. ಹಿಂದೆ ಕ್ಯೂನಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ಅವತ್ತು ನಗುವ ಮನಸ್ಸಿರಲಿಲ್ಲ. ಎರಡು ವಾರದ ನಂತರ ಮೊದಲ ಸಲ ನೀರಿಗಿಳಿಯುವ ದಿನ ಅದು. ಕೆಲಸ ಉಳಿಯುತ್ತೋ ಇಲ್ಲವೋ ಅನ್ನುವುದು ಆ ಪಟ್ಟಿಗಳು ಮೈಮೇಲೆ ಹೇಗೆ ಕೂರುತ್ತವೆ ಅನ್ನುವುದರ ಮೇಲಿತ್ತು.

ಅದು ಸೈಡ್‌ಮೌಂಟ್‌ ಹಾರ್ನೆಸ್‌. ಸ್ಕೂಬಾ ಡೈವಿಂಗ್‌ ಅಂದರೆ ಬೆನ್ನಿಗೆ ಸಿಲಿಂಡರ್‌ ಕಟ್ಟಿಕೊಂಡು ಮುಳುಗುವುದು ಅಂತ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಸೈಡ್‌ಮೌಂಟ್‌ನಲ್ಲಿ ಬೆನ್ನು ಖಾಲಿ. ಎರಡು ಸಿಲಿಂಡರ್‌ಗಳು ಎಡಕ್ಕೊಂದು ಬಲಕ್ಕೊಂದು, ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಮೈಗೆ ಅಂಟಿಕೊಂಡು ಮಲಗಿರುತ್ತವೆ. ಶೋಕಿಗೆ ಹುಟ್ಟಿದ್ದಲ್ಲ ಇದು. 1960ರ ದಶಕದಲ್ಲಿ ಇಂಗ್ಲೆಂಡಿನ ಗುಹೆಗಳನ್ನು ಹುಡುಕುತ್ತಾ ಹೋದವರಿಗೆ ನೀರು ತುಂಬಿದ ಇಕ್ಕಟ್ಟಾದ ಕಿಂಡಿಗಳು ಅಡ್ಡ ಬಂದವು. ಬೆನ್ನ ಮೇಲೆ ಸಿಲಿಂಡರ್‌ ಇದ್ದರೆ ತೂರಲು ಆಗುತ್ತಿರಲಿಲ್ಲ, ಅದಕ್ಕೇ ಸೊಂಟದ ಪಕ್ಕಕ್ಕೆ ಕಟ್ಟಿಕೊಂಡರು. ಆಮೇಲೆ ಫ್ಲೋರಿಡಾ, ಮೆಕ್ಸಿಕೊ ಕಡೆಯ ಗುಹೆ ಡೈವರ್‌ಗಳು ಅದನ್ನು ತಿದ್ದಿ ತೀಡಿದರು. ಹಾಗೆ ಬರುತ್ತಾ ಬರುತ್ತಾ ಇಂದಿರಾನಗರದ ಈಜುಕೊಳದವರೆಗೂ ಬಂದಿದೆ.

ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಡೈವಿಂಗ್‌ ಎಲ್ಲಿಂದ ಬಂತು ಅಂತ ನನ್ನನ್ನು ಕೇಳದವರಿಲ್ಲ. ಪಾಠ ಮತ್ತು ಈಜುಕೊಳದ ತರಬೇತಿ ಇಲ್ಲೇ ಮುಗಿಸಿ, ವೀಕೆಂಡ್‌ಗೆ ಮುರುಡೇಶ್ವರಕ್ಕೋ ಪುದುಚೇರಿಗೋ ಹೋಗಿ ಸಮುದ್ರಕ್ಕಿಳಿಯುವವರು ಈ ಊರಲ್ಲಿ ಬಹಳ ಜನ. ಬಿ.ಕಾಂ. ಮುಗಿಸಿದ ನಾನು ಕೆ.ಆರ್‌. ಪುರದ ಒಂದು ಆಫೀಸಿನಲ್ಲಿ ಬಿಲ್ಲಿಂಗ್‌ ಮಾಡುತ್ತಿದ್ದೆ. ಕಾಂಟ್ರ್ಯಾಕ್ಟ್‌ ಮುಗಿದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಕೊನೆಗೆ ಸಿಕ್ಕಿದ್ದು ಇಂದಿರಾನಗರದ ಡೈವಿಂಗ್‌ ಸೆಂಟರ್‌ ಒಂದರ ಫ್ರಂಟ್‌ ಡೆಸ್ಕ್‌. ಸಂಬಳ ಕಡಿಮೆ. ಆದರೆ ತರಬೇತಿ ಪೂರೈಸಿದ ಸ್ಟಾಫ್‌ಗೆ ಈಜುಕೊಳದಲ್ಲಿ ಸಹಾಯಕರ ಕೆಲಸ ಕೊಡುತ್ತೇವೆ, ಸಂಬಳವೂ ಏರುತ್ತದೆ ಅಂದರು. ಹಲಸೂರು ಕೆರೆ ಪಕ್ಕದ ಕೆನ್ಸಿಂಗ್‌ಟನ್‌ ಈಜುಕೊಳದಲ್ಲಿ ಸ್ಕೂಲ್‌ ದಿನಗಳಿಂದ ಈಜಿದವಳು ನಾನು. ಇನ್ನೇನು ಬೇಕು ಅಂತ ಕುಣಿದಾಡಿಬಿಟ್ಟೆ.

ಸೇರುವಾಗ ಒಂದು ಫಾರ್ಮ್‌ ಕೊಟ್ಟರು. ಹಳೆಯ ಪೆಟ್ಟು, ಮೂಳೆ ಮುರಿತ, ಆಪರೇಷನ್‌ ಏನಾದರೂ ಇದೆಯೇ ಅನ್ನುವ ಸಾಲು. 'ಇಲ್ಲ' ಅಂತ ಟಿಕ್‌ ಹಾಕಿದೆ. ಸುಳ್ಳು. ಸೆಕೆಂಡ್‌ ಇಯರ್‌ನಲ್ಲಿದ್ದಾಗ ಮಳೆಯಲ್ಲಿ ಸ್ಕೂಟರ್‌ ಜಾರಿ ಬಿದ್ದು ನನ್ನ ಎಡಗಡೆಯ ಕಾಲರ್‌ ಬೋನ್‌ ಮುರಿದಿತ್ತು. ಆಪರೇಷನ್‌ ಬೇಡ ಅಂತ ಆರು ವಾರ ಕೈಯನ್ನು ಜೋಲಿಯಲ್ಲಿಟ್ಟಿದ್ದರು. ಮೂಳೆ ಕೂಡಿತು, ಆದರೆ ತುಂಡುಗಳು ಒಂದರ ಮೇಲೊಂದು ಕೊಂಚ ಜರುಗಿ ಕೂಡಿದವು. ನೋವೇನೂ ಇರಲಿಲ್ಲ. ಕೆಲಸ ಹುಡುಕುವವರು ಇಂಥ ಕಡೆ 'ಇಲ್ಲ' ಅಂತ ಒತ್ತುವುದು ಯೋಚಿಸಿ ಅಲ್ಲ, ಬೆರಳಿಗೇ ಅಭ್ಯಾಸವಾಗಿರುತ್ತದೆ.

ಮೊದಲು ಕಲಿಸಿದ್ದು ಎಲ್ಲರಂತೆ ಬೆನ್ನಿನ ಸಿಲಿಂಡರ್‌. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರ್‌ನ ತೂಕ ಖಾಲಿಯಾಗಿದ್ದಾಗಲೇ ಸುಮಾರು 14 ಕಿಲೊ, ಗಾಳಿ ತುಂಬಿದರೆ ಇನ್ನೂ ಎರಡೂವರೆ ಕಿಲೊಗಿಂತ ಹೆಚ್ಚು. ನೀರಿನಲ್ಲಿ ಅದು ಹಗುರ. ದಡದಲ್ಲಿ ನಡೆಯುವಾಗ ಮಾತ್ರ ಅಷ್ಟೂ ಭಾರ ಭುಜದ ಪಟ್ಟಿಯ ಮೇಲೆ, ಅಂದರೆ ಸರಿಯಾಗಿ ನನ್ನ ಕಾಲರ್‌ ಬೋನ್‌ ಮೇಲೆ. ಹಲ್ಲು ಕಚ್ಚಿ ಹೊರುತ್ತಿದ್ದೆ. ನಮ್ಮ ಇನ್‌ಸ್ಟ್ರಕ್ಟರ್‌ ಮೇಡಂ ಕಣ್ಣಿಗೆ ನಾನು ಯಾವಾಗಲೂ ಬಲಗೈಯಲ್ಲೇ ಎತ್ತುವುದು ಬಿತ್ತು. 'ನೀನು ಸಣ್ಣ ಮೈಯವಳು, ಸೈಡ್‌ಮೌಂಟ್‌ ಟ್ರೈ ಮಾಡು. ಸಿಲಿಂಡರ್‌ಗಳನ್ನ ನೀರಲ್ಲೇ ಸಿಕ್ಕಿಸಿಕೊಳ್ಳಬಹುದು' ಅಂದರು. ಬಚಾವಾದೆ ಅಂದುಕೊಂಡೆ. ಸಿಕ್ಕಿಬಿದ್ದಿದ್ದೇ ಅಲ್ಲಿ.

ಬೆನ್ನಿನ ಸಿಲಿಂಡರ್‌ ಆದರೆ ಪಟ್ಟಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ನಡೆದುಹೋಗುತ್ತದೆ. ಸೈಡ್‌ಮೌಂಟ್‌ನಲ್ಲಿ ನಡೆಯುವುದಿಲ್ಲ. ಎರಡು ಭುಜದ ಪಟ್ಟಿಗಳು ಬೆನ್ನಿನ ಮೇಲೆ, ಎರಡು ರೆಕ್ಕೆ ಮೂಳೆಗಳ ನಡುವೆ ಸೇರುತ್ತವೆ. ಅಲ್ಲಿಂದ ಒಂದು ಪಟ್ಟಿ ಬೆನ್ನ ನಡುವೆ ಇಳಿದು ಸೊಂಟದ ಪಟ್ಟಿಗೆ ಕೂಡುತ್ತದೆ. ಇನ್ನೊಂದು ಹಿಂದಿನಿಂದ ಕಾಲುಗಳ ಮಧ್ಯೆ ಹಾದು ಮುಂದೆ ಬಂದು ಸೊಂಟಕ್ಕೇ ಸಿಕ್ಕಿಕೊಳ್ಳುತ್ತದೆ. ಅದಿಲ್ಲದಿದ್ದರೆ ನೀರಿನಲ್ಲಿ ಇಡೀ ಹಾರ್ನೆಸ್‌ ಕುತ್ತಿಗೆಯ ಕಡೆ ಏರಿಬಿಡುತ್ತದೆ. ಮುಂದೆ, ಎದೆಯ ಎರಡೂ ಕಡೆ ಒಂದೊಂದು ಡಿ-ರಿಂಗ್‌. ಬಂಜಿ ಅನ್ನುವ ಎಲಾಸ್ಟಿಕ್‌ ಹಗ್ಗ, ಬೈಕಿನ ಹಿಂದೆ ಲಗೇಜ್‌ ಕಟ್ಟುತ್ತೇವಲ್ಲ ಅದೇ ಜಾತಿಯದು, ಬೆನ್ನ ಹಿಂದಿನಿಂದ ಹೊರಟು ಕಂಕುಳಿನ ಕೆಳಗೆ ಹಾದು ಈ ಡಿ-ರಿಂಗ್‌ಗೆ ಬರುತ್ತದೆ. ಸಿಲಿಂಡರ್‌ನ ಕತ್ತನ್ನು, ಅಂದರೆ ವಾಲ್ವ್‌ ಇರುವ ಭಾಗವನ್ನು ಕಂಕುಳಿಗೆ ಒತ್ತಿ ಹಿಡಿಯುವುದು ಅದೇ. ಸಿಲಿಂಡರ್‌ನ ಬಾಲದ ಕಡೆ ಒಂದು ಕೊಕ್ಕೆ ಇದ್ದು, ಅದು ಸೊಂಟದ ಡಿ-ರಿಂಗ್‌ಗೆ ಹೋಗುತ್ತದೆ. ಇಷ್ಟೇ ಸಾಮಾನು. ಆದರೆ ಒಂದು ಪಟ್ಟಿ ಅರ್ಧ ಇಂಚು ಸಡಿಲವಾದರೆ ಉಳಿದ ಎಲ್ಲವೂ ಸ್ಥಾನ ಬದಲಿಸುತ್ತವೆ.

ಮೇಡಂ ಎರಡೂ ಪಟ್ಟಿಗಳನ್ನು ಟೇಪು ಹಿಡಿದು ಸಮಸಮ ಮಾಡಿ ಬಕಲ್‌ ಬಿಗಿದರು. ದಡದಲ್ಲಿ ಚೆನ್ನಾಗಿಯೇ ಕೂತಿತ್ತು. ನೀರಿಗಿಳಿದು ಹತ್ತು ನಿಮಿಷವೂ ಆಗಿಲ್ಲ, ಎಡಗಡೆಯ ಸಿಲಿಂಡರ್‌ ಕಂಕುಳಿನಿಂದ ಜಾರಿ ಹೊಟ್ಟೆಯ ಕೆಳಗೆ ತೂಗತೊಡಗಿತು, ಬಸ್ಸಿನಲ್ಲಿ ಹೆಗಲಿಂದ ಜಾರಿದ ವ್ಯಾನಿಟಿ ಬ್ಯಾಗಿನ ಹಾಗೆ. ಮೈ ಎಡಕ್ಕೆ ವಾಲುತ್ತಿತ್ತು. ಮೇಡಂ ಬಂಜಿ ಗಿಡ್ಡ ಮಾಡಿದರು. ಈಗ ಬಲಗಡೆಯದು ಕಂಕುಳಿಗೆ ಚುಚ್ಚಿತು, ಎಡಗಡೆಯದು ಹಾಗೇ ತೂಗಿತು. ಎಡಗಡೆ ಒಂದನ್ನೇ ಗಿಡ್ಡ ಮಾಡಿದರು. ಆಗ ಡಿ-ರಿಂಗೇ ಕೆಳಗೆ ಜಗ್ಗಿಕೊಂಡು ಬಂತು. ಮೂರು ಕ್ಲಾಸ್‌ ಹೀಗೇ ಹೋಯಿತು.

ನಾಲ್ಕನೇ ದಿನ ಅವರು ನೀರೊಳಗೆ ವಿಡಿಯೊ ಮಾಡಿದರು. ಬಟ್ಟೆ ಬದಲಿಸಿ ಬಂದಾಗ ಲ್ಯಾಪ್‌ಟಾಪ್‌ ಮುಂದೆ ಕೂರಿಸಿ, ನನ್ನ ಬೆನ್ನಿನ ಚಿತ್ರ ನಿಲ್ಲಿಸಿ, 'ನಿನ್ನ ಎಡಭುಜಕ್ಕೆ ಏನಾಗಿದೆ?' ಅಂದರು. ಪಟ್ಟಿಗಳು ಸಮವಾಗಿದ್ದವು, ಭುಜ ಇರಲಿಲ್ಲ. ಹೇಳಿದೆ. ಬೈಯಲಿಲ್ಲ ಅವರು, ಬೈದಿದ್ದರೆ ಚೆನ್ನಾಗಿತ್ತು. 'ನೀರಲ್ಲಿ ರೆಗ್ಯುಲೇಟರ್‌ ಕೆಟ್ಟು ಗಾಳಿ ಸುಮ್ನೆ ಹೊರಗೆ ಸುರೀತಿದ್ರೆ, ಆ ಕಡೆ ವಾಲ್ವ್‌ನ ನೀನೇ ಮುಚ್ಚಬೇಕು. ನಿನ್ನ ಕೈ ಅಲ್ಲಿಗೆ ಹೋಗತ್ತೋ ಇಲ್ವೋ ಅಂತ ನಂಗೆ ಗೊತ್ತಿರಬೇಕಾ, ಬೇಡ್ವಾ? ನಾಳೆ ನಿನ್ನ ಪಕ್ಕ ಒಬ್ಬ ಸ್ಟೂಡೆಂಟ್‌ ಇರ್ತಾನೆ' ಅಂದರು. ಡಾಕ್ಟರ್‌ ಪತ್ರ ತರುವವರೆಗೆ ನೀರಿಗಿಳಿಯುವ ಹಾಗಿಲ್ಲ. ಆಮೇಲೂ ಹಾರ್ನೆಸ್‌ ಸರಿಯಾಗಿ ಕೂತರೆ ಮಾತ್ರ ಮುಂದಿನ ಮಾತು. ಹಾರ್ನೆಸ್‌ ಮನೆಗೆ ತಗೊಂಡು ಹೋಗು, ಕಟ್ಟಿ ಬಿಚ್ಚಿ ಅಭ್ಯಾಸ ಮಾಡು ಅಂತ ಬ್ಯಾಗಿಗೆ ಹಾಕಿಕೊಟ್ಟರು.

ನಮ್ಮಮ್ಮ ಹಲಸೂರಿನ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್‌ ಹೊಲಿಯುತ್ತಾರೆ. ಕನ್ನಡಿ ಮುಂದೆ ಪಟ್ಟಿಗಳ ಜತೆ ಒದ್ದಾಡುತ್ತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮೆಷಿನ್‌ ನಿಲ್ಲಿಸಿ ಎದ್ದು ಬಂದರು. ಕೊರಳಲ್ಲಿದ್ದ ಟೇಪನ್ನು ತೆಗೆಯಲೂ ಇಲ್ಲ. 'ಎರಡೂ ಕಡೆ ಒಂದೇ ಅಳತೆ ಇಟ್ರೆ ಹೆಂಗೆ ಕೂರತ್ತೆ? ನಿನ್ನ ಎಡಗಡೆ ಮುಕ್ಕಾಲು ಇಂಚು ಇಳಿದಿದೆ' ಅಂದರು. ನಿಂಗೆ ಹೇಗೆ ಗೊತ್ತು ಅಂದೆ. 'ಬಿದ್ದ ಮೇಲಿಂದ ನಿನ್ನ ಚೂಡಿದಾರ್‌ ಎಲ್ಲ ಹಂಗೇ ಅಲ್ವಾ ಹೊಲೀತಿರೋದು? ಒಳಗಡೆ ಒಂದು ಸಣ್ಣ ಪ್ಯಾಡ್‌ ಬೇರೆ ಇಟ್ಟಿದೀನಿ' ಅಂದರು.

ಬೀರುವಿನಿಂದ ಒಂದು ಚೂಡಿದಾರ್‌ ತೆಗೆದು ತಿರುವಿ ನೋಡಿದೆ. ಎಡಭುಜದ ಒಳಗೆ ಬಟ್ಟೆಯ ತೆಳ್ಳನೆಯ ಮಡಿಕೆ. ನನ್ನ ಭುಜ ಯಾರಿಗೂ ಕಾಣುವುದಿಲ್ಲ ಅಂತ ಅಷ್ಟು ದಿನ ಅಂದುಕೊಂಡಿದ್ದೆನಲ್ಲ, ಕಾಣದ ಹಾಗೆ ಮಾಡಿದವರು ಇವರು.

ಅವತ್ತು ರಾತ್ರಿಯೇ ಅಮ್ಮ ಅಳತೆ ತೆಗೆದರು. ಕತ್ತಿನ ಬುಡದ ಮೂಳೆಯಿಂದ ಎಡಭುಜದ ತುದಿಗೆ ಬೇರೆ, ಬಲಭುಜಕ್ಕೆ ಬೇರೆ. ಇಳಿದ ಭುಜದ ಮೇಲೆ ಪಟ್ಟಿ ಹಾಯುವ ದಾರಿ ಗಿಡ್ಡ, ಹಾಗಾಗಿ ಸಮ ಉದ್ದದ ಪಟ್ಟಿ ಅಲ್ಲಿ ಸಡಿಲ. ಪಟ್ಟಿ ಸಡಿಲವಾದರೆ ಎದೆಯ ಡಿ-ರಿಂಗ್‌ ಕೆಳಗಿಳಿಯುತ್ತದೆ. ಡಿ-ರಿಂಗ್‌ ಇಳಿದರೆ ಬಂಜಿಯ ಬಿಗಿ ಹೋಗುತ್ತದೆ, ಬಿಗಿ ಹೋದರೆ ಸಿಲಿಂಡರ್‌ನ ಕತ್ತು ಬೀಳುತ್ತದೆ. ನಾವು ಮೂರು ಕ್ಲಾಸ್‌ ಪೂರ್ತಿ ಬಂಜಿಯನ್ನು ಎಳೆದಾಡಿದ್ದೆವು. ತಪ್ಪು ಇದ್ದದ್ದು ಅದಕ್ಕಿಂತ ಮೇಲೆ.

ಅಮ್ಮ ಪಟ್ಟಿಯನ್ನು ಮಡಿಸಿ ಒಂದು ಹೊಲಿಗೆ ಹಾಕಿಬಿಡ್ತೀನಿ ಅಂತ ಮೆಷಿನ್‌ಗೂ ಕೊಟ್ಟರು. ಸೂಜಿ ಮುರಿಯಿತು. ಒಳ್ಳೆಯದೇ ಆಯಿತು. ಮರುದಿನ ಫೋನಿನಲ್ಲಿ ಮೇಡಂ, 'ಹೊಲಿಗೆ ಬೇಡವೇ ಬೇಡ, ಬಕಲ್‌ನಲ್ಲೇ ಸರಿಸು' ಅಂದರು. ಹೊಲಿದರೆ ಆ ಅಳತೆ ಅಲ್ಲಿಗೇ ನಿಂತುಬಿಡುತ್ತದೆ. ನೀರಿನಲ್ಲಿ ಹಾಕುವ ಸೂಟ್‌ ದಪ್ಪ ಬದಲಾದರೆ, ನಾನು ನಾಲ್ಕು ಕಿಲೊ ದಪ್ಪಗಾದರೆ, ಪಟ್ಟಿಯನ್ನೂ ಬದಲಿಸಬೇಕಲ್ಲ. 'ಹಂಗಾದ್ರೆ ಟೇಲರ್‌ ಯಾಕೆ ಬೇಕು ಇದಕ್ಕೆ' ಅಂತ ಅಮ್ಮನಿಗೆ ಕೊಂಚ ಬೇಜಾರಾಯಿತು. ಆದರೂ ಟೇಲರ್‌ ಸೀಮೆಸುಣ್ಣದಲ್ಲಿ ಪಟ್ಟಿಯ ಮೇಲೆ ಗೆರೆ ಎಳೆದು, ಗೆರೆಗೆ ಸರಿಯಾಗಿ ಬಕಲ್‌ ಕೂರಿಸಿದರು. ಕಪ್ಪು ಪಟ್ಟಿಯ ಮೇಲೆ ಬಿಳಿ ಗೆರೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಈಗ ಸೆಂಟರ್‌ನಲ್ಲೂ ಒಂದು ಡಬ್ಬಿ ಸೀಮೆಸುಣ್ಣ ಇದೆ.

ಒಂದು ಎಡವಟ್ಟೂ ಆಯಿತು. ತೆಳು ಕುರ್ತಾದ ಮೇಲೆ ಅಳತೆ ತೆಗೆದಿದ್ದೆವು. ನೀರಿಗೆ ಹಾಕುವುದು ಮೂರು ಮಿಲಿಮೀಟರ್‌ ದಪ್ಪದ ರಬ್ಬರಿನಂಥ ವೆಟ್‌ಸೂಟ್‌. ಅದನ್ನು ತಂದು ಹಾಕಿಕೊಂಡು, ಏಪ್ರಿಲ್‌ ತಿಂಗಳ ಸೆಕೆಯಲ್ಲಿ, ಫ್ಯಾನಿನ ಕೆಳಗೆ ಬೆವರು ಸುರಿಸುತ್ತಾ ಮತ್ತೆ ಅಳತೆ ಕೊಟ್ಟೆ. ಬ್ಲೌಸ್‌ ತಗೊಂಡು ಹೋಗಲು ಬಂದ ಎದುರುಮನೆ ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು.

ಪಟ್ಟಿ ಬದಲಿಸಬೇಕಾದರೆ ಅಂತ ಶಿವಾಜಿನಗರದ ಬ್ಯಾಗ್‌ ಸಾಮಾನಿನ ಅಂಗಡಿಗೂ ಹೋಗಿದ್ದೆ. ಅಲ್ಲಿನ ಚಾಚಾ ಹರಡಿದ ಪಟ್ಟಿಗಳು ಎರಡಿಂಚಿನವೇ, ಬೆಲೆಯೂ ಅಗ್ಗ. ಆದರೆ ನನ್ನ ಹಾರ್ನೆಸ್‌ ಪಟ್ಟಿಯನ್ನು ಕೈಯಲ್ಲಿ ಮಡಿಸಿ ನೋಡಿದ ಅವರೇ, 'ನಮ್ದು ಮೆತ್ತಗೆ ಐತೆ ಬೇಟಾ, ಬಕಲ್‌ನಲ್ಲಿ ಜಾರ್ತದೆ. ಜಾನ್‌ ಕಾ ಸವಾಲ್‌ ಇದ್ರೆ ತಗೋಬೇಡ' ಅಂದರು. ವ್ಯಾಪಾರ ಬಿಟ್ಟುಕೊಟ್ಟ ಅಂಗಡಿಯವರನ್ನು ನಾನು ನೋಡಿದ್ದು ಅದೇ ಮೊದಲು. ಕತ್ತರಿಸಿದ ತುದಿ ಎಳೆ ಬಿಡದ ಹಾಗೆ ಲೈಟರ್‌ನಲ್ಲಿ ಸುಡುವುದನ್ನು ಮಾತ್ರ ಅವರೇ ತೋರಿಸಿಕೊಟ್ಟರು.

ಡಾಕ್ಟರ್‌ ಎಕ್ಸ್‌-ರೇ ನೋಡಿ, ಕೈಯನ್ನು ಎಲ್ಲ ಕಡೆ ತಿರುಗಿಸಿ, ಅಡ್ಡಿಯಿಲ್ಲ ಅಂತ ಬರೆದುಕೊಟ್ಟರು. ಕೈಯನ್ನು ತಲೆಯ ಹಿಂದಕ್ಕೆ ಚಾಚುವುದು ಮಾತ್ರ ಪೂರ್ತಿ ಆಗಲ್ಲ ಅಂತಲೂ ಬರೆದರು. ಬೆನ್ನಿನ ಸಿಲಿಂಡರ್‌ನ ವಾಲ್ವ್‌ ಇರುವುದು ಸರಿಯಾಗಿ ಅಲ್ಲಿ. ಸೈಡ್‌ಮೌಂಟ್‌ನಲ್ಲಿ ಅದು ಕಂಕುಳಿನ ಮುಂದೆ, ಕಣ್ಣಿಗೆ ಕಾಣುವ ಕಡೆ. ಫಾರ್ಮ್‌ನಲ್ಲಿ ನಾನು ಮುಚ್ಚಿಟ್ಟ ಸಂಗತಿಯೇ ಈ ಹಾರ್ನೆಸ್‌ ನನಗೆ ಸರಿ ಅನ್ನುವುದಕ್ಕೆ ಕಾರಣವಾಗಿತ್ತು. ಮೊದಲೇ ಬರೆದಿದ್ದರೆ ಮೂರು ಕ್ಲಾಸೂ ಎರಡು ವಾರವೂ ಉಳಿಯುತ್ತಿದ್ದವು.

ಸ್ಕ್ಯಾನರ್‌ನಲ್ಲಿ ಬ್ಯಾಗ್‌ ಸಿಕ್ಕಿಕೊಂಡ ದಿನ ಅದೇ. ನೀರಿಗಿಳಿದೆ. ಮೇಡಂ ಎದುರಿಗೆ ಬಂದು ಕೈಸನ್ನೆ ಮಾಡಿದರು. ಎಡಗೈ ವಾಲ್ವ್‌ಗೆ ಹೋಯಿತು, ಮುಚ್ಚಿದೆ. ಬಲಗಡೆಯದರಿಂದ ಉಸಿರಾಡಿದೆ. ಮತ್ತೆ ತೆರೆದೆ. ಐದು ಸಲ ಮಾಡಿಸಿದರು. ಸಿಲಿಂಡರ್‌ ಜಾರಲಿಲ್ಲ.

ಡಿಸೆಂಬರ್‌ನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದೆವು. ತೀರದಿಂದ ಸುಮಾರು 19 ಕಿ.ಮೀ. ಆಳಕ್ಕೆ ಹೋದಂತೆ ಒತ್ತಡಕ್ಕೆ ಸೂಟ್‌ ತೆಳ್ಳಗಾಗಿ ಪಟ್ಟಿಗಳು ಕೊಂಚ ಸಡಿಲವಾದವು. ಅದಕ್ಕೆಂದೇ ದಡದಲ್ಲಿ ಒಂದು ಗೆರೆ ಬಿಗಿಯಾಗಿ ಇಟ್ಟಿದ್ದೆ. ಒಂದು ಸಿಲಿಂಡರ್‌ನಿಂದ ಸ್ವಲ್ಪ, ಇನ್ನೊಂದರಿಂದ ಸ್ವಲ್ಪ ಅಂತ ಬದಲಿಸಿ ಉಸಿರಾಡಬೇಕು, ಇಲ್ಲದಿದ್ದರೆ ತೂಕ ಒಂದು ಕಡೆ ವಾಲುತ್ತದೆ. ಅಲ್ಯೂಮಿನಿಯಂ ಸಿಲಿಂಡರ್‌ ಖಾಲಿಯಾಗುತ್ತಾ ಬಂದರೆ ಬಾಲ ಮೇಲಕ್ಕೆ ತೇಲುತ್ತದೆ. ಆಗ ಹಿಂದಿನ ಕೊಕ್ಕೆಯನ್ನು ಬಿಡಿಸಿ ಸೊಂಟದ ಮುಂದಿನ ಡಿ-ರಿಂಗ್‌ಗೆ ಹಾಕಬೇಕು. ಹಾಕಿದೆ. ಎರಡೂ ಮತ್ತೆ ಮೈಗೆ ಅಂಟಿಕೊಂಡವು. ಮೀನು ಯಾವುವು ಕಂಡವು ಅಂತ ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಮೊದಲ ಡೈವ್‌ನಲ್ಲಿ ನಾನು ನೋಡಿದ್ದು ಹೆಚ್ಚಾಗಿ ನನ್ನ ಎಡಗಡೆಯನ್ನೇ.

ಈಗ ಈಜುಕೊಳದಲ್ಲಿ ಸಹಾಯಕಿ. ಸೈಡ್‌ಮೌಂಟ್‌ ಕಲಿಯಲು ಬರುವವರಿಗೆ ಮೊದಲ ಸಲ ಹಾರ್ನೆಸ್‌ ಹೊಂದಿಸುವ ಕೆಲಸ ಮೇಡಂ ನನಗೇ ಬಿಟ್ಟಿದ್ದಾರೆ. ಪಟ್ಟಿ ಮುಟ್ಟುವ ಮೊದಲು ಅವರನ್ನು ತಿರುಗಿ ನಿಲ್ಲಿಸಿ ಬೆನ್ನು ನೋಡುತ್ತೇನೆ. 'ಎರಡೂ ಭುಜ ಸಮ ಇರೋ ಗಿರಾಕಿನ ನಾನಿನ್ನೂ ನೋಡಿಲ್ಲ' ಅನ್ನುತ್ತಾರೆ ಅಮ್ಮ. ಅವರ ಅಳತೆ ಪುಸ್ತಕದಲ್ಲಿ ಎದುರುಮನೆ ಆಂಟಿಯ ಬ್ಲೌಸಿನ ಮುಂದಿನ ಪುಟದಲ್ಲಿ ನನ್ನ ಹೆಸರಿದೆ. ಎಡ ಪಟ್ಟಿ, ಬಲ ಪಟ್ಟಿ, ಬೆನ್ನು, ಸೊಂಟ. ಕೆಳಗೆ ಪೆನ್ಸಿಲಿನಲ್ಲಿ: 'ಸೂಟ್‌ ಹಾಕಿ ಅಳೆದದ್ದು.'