ಮಳೆಗಾಲದ ನೀರು, ಚಳಿಗಾಲದ ರಿಪೇರಿ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಓಡುವ ಡೀಸೆಲ್ ಪಿಕಪ್, ಜೀಪುಗಳಿಗೆ ಹಿಮದ ಕಾಟವಿಲ್ಲ. ಜನವರಿಯ ನಸುಕಿನಲ್ಲೂ ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಇವುಗಳನ್ನು ಕೆಡಿಸುವುದು ಬರೀ ನೀರು. ಅದು ಒಳಗೆ ಸೇರುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಗ್ಯಾರೇಜಿನ ಬಿಲ್ಲು ಬರುವುದು ಬಹುಮಟ್ಟಿಗೆ ಮಳೆ ನಿಂತ ಮೇಲೆ.

ಒಂದು ಕಡೆ ಉಲ್ಹಾಸ್ ನದಿ, ಇನ್ನೊಂದು ಕಡೆ ಠಾಣೆಯ ಖಾಡಿ. ಸಮುದ್ರ ಉಬ್ಬರದಲ್ಲಿರುವಾಗ ಜೋರು ಮಳೆ ಸುರಿದರೆ ಚರಂಡಿಯ ನೀರು ಹರಿದುಹೋಗಲು ದಾರಿಯಿಲ್ಲದೆ ರಸ್ತೆಯಲ್ಲೇ ನಿಲ್ಲುತ್ತದೆ. 2005ರ ಜುಲೈ 26ರ ಮಳೆಯಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ದಾಖಲಾಯಿತು. 2019ರ ಜುಲೈ 27ರಂದು ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ನೆರೆಯಲ್ಲಿ ಸಿಲುಕಿತ್ತು. ವಾಶಿಯ ಮಾರುಕಟ್ಟೆಗೆ ತರಕಾರಿ ಸಾಗಿಸುವ ಗಾಡಿಗೆ ಇಂಥ ದಿನವೂ ರಜೆಯಿಲ್ಲ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲದ ಕಾರಣ ಒದ್ದೆಯಾದರೂ ಅದು ಸುಲಭಕ್ಕೆ ನಿಲ್ಲುವುದಿಲ್ಲ. ‘ಡೀಸೆಲ್ ಗಾಡಿ ನೀರಿಗೆ ಹೆದರದು’ ಎಂಬ ಚಾಲಕರ ಧೈರ್ಯಕ್ಕೆ ಇದೇ ಮೂಲ, ಅನಾಹುತಕ್ಕೂ ಇದೇ. ಈ ಎಂಜಿನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿ, ಆ ಬಿಸಿಯಲ್ಲೇ ಡೀಸೆಲ್ ಉರಿಸುತ್ತದೆ. ಗಾಳಿ ಒತ್ತಡಕ್ಕೆ ಬಗ್ಗುತ್ತದೆ, ನೀರು ಬಗ್ಗುವುದಿಲ್ಲ. ಏರ್ ಫಿಲ್ಟರ್ ದಾಟಿ ಸಿಲಿಂಡರ್‌ಗೆ ನೀರು ನುಗ್ಗಿದರೆ ಮೇಲೇರುವ ಪಿಸ್ಟನ್ ಅಲ್ಲೇ ಸಿಕ್ಕಿಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ತಿಳಿಯಬೇಕಾದದ್ದು ಚಕ್ರದ ಎತ್ತರವಲ್ಲ, ಗಾಳಿ ಎಳೆಯುವ ಕೊಳವೆಯ ಬಾಯಿಯ ಎತ್ತರ. ನೀರಿನಲ್ಲಿ ನಿಂತುಹೋದ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಲೇಬಾರದು; ತಳ್ಳಿ ಹೊರತಂದು ಮೆಕ್ಯಾನಿಕ್‌ಗೆ ತೋರಿಸಬೇಕು. ಹಾಗೆ ಸ್ಟಾರ್ಟ್ ಮಾಡಲು ಹೋಗಿ ಕೆಟ್ಟ ಎಂಜಿನ್‌ಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ; ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇರೆಯೇ ಇದೆ.

ನೆರೆ ಕಣ್ಣಿಗೆ ಕಾಣುತ್ತದೆ. ಡೀಸೆಲ್ ಟ್ಯಾಂಕಿನೊಳಗಿನ ನೀರು ಕಾಣುವುದಿಲ್ಲ, ಹೆಚ್ಚು ಗಾಡಿಗಳನ್ನು ಕೆಡಿಸುವುದು ಅದೇ ಎನ್ನಬಹುದು. ಅರ್ಧ ಖಾಲಿ ಟ್ಯಾಂಕಿನ ತೇವದ ಗಾಳಿ ರಾತ್ರಿಯ ತಂಪಿಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಮಳೆನೀರೂ ಸೇರುತ್ತದೆ. ಡೀಸೆಲ್‌ಗಿಂತ ಭಾರವಾದ ನೀರು ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಎರಡೂ ಕೂಡುವ ಅಂಚಿನಲ್ಲಿ ಸೂಕ್ಷ್ಮಾಣುಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತವೆ. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಪಂಪು, ಇಂಜೆಕ್ಟರ್‌ಗಳು ಸಾವಿರಕ್ಕೂ ಮೀರಿದ ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಅವುಗಳಿಗೆ ಜಾರುಗುಣ ಕೊಡುವುದು ಡೀಸೆಲ್ಲೇ. ಅಲ್ಲಿಗೆ ನೀರು ತಲುಪಿದರೆ ಫಿಲ್ಟರ್ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಂಜೆಕ್ಟರ್ ಬದಲಿಸುವವರೆಗೆ ಹೋಗುತ್ತದೆ. ರಾತ್ರಿ ಟ್ಯಾಂಕ್ ತುಂಬಿಸಿ ನಿಲ್ಲಿಸುವುದು, ಫಿಲ್ಟರ್ ತಳದ ತಿರುಪು ಸಡಿಲಿಸಿ ನೀರು ಇಳಿಸುವುದು, ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹತ್ತಿದರೆ ಅಂದೇ ನೋಡುವುದು: ಇಷ್ಟಕ್ಕೆ ದುಡ್ಡೇನೂ ಬೇಡ.

ಮಾಳ್ಶೇಜ್ ಘಾಟಿ ಇಳಿದು ಬಿಸಿಯಾದ ಆಕ್ಸಲ್ ನೇರ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆಯಿಂದಲೋ ಸೀಲ್‌ನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಆಕ್ಸಲ್‌ನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ತಕ್ಷಣ ಬದಲಿಸಬೇಕು. ಚಕ್ರದ ಬೇರಿಂಗಿಗೆ ಹೊಸ ಗ್ರೀಸ್ ಬೇಕು. ಖಾಡಿಯ ನೀರು ಉಪ್ಪಾದ್ದರಿಂದ ಚಾಸಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ತುಕ್ಕು ಬೇಗ ಹಿಡಿಯುತ್ತದೆ.

ಇದೇ ಗಾಡಿ ಚಳಿಗಾಲದಲ್ಲಿ ಹಿಮಾಚಲಕ್ಕೋ ಲಡಾಖ್‌ಗೋ ಹೊರಟರೆ ಲೆಕ್ಕ ಬೇರೆ. ಫಿಲ್ಟರ್ ತಳದ ನೀರು 0 ಡಿಗ್ರಿಯಲ್ಲೇ ಹೆಪ್ಪುಗಟ್ಟಿ ಡೀಸೆಲ್ ದಾರಿ ಮುಚ್ಚುತ್ತದೆ. ಚಳಿ ಇನ್ನೂ ಏರಿದರೆ ಡೀಸೆಲ್‌ನಲ್ಲಿರುವ ಮೇಣ ಹರಳುಗಟ್ಟುತ್ತದೆ. ಹಲವು ಬಿಎಸ್6 ಗಾಡಿಗಳಲ್ಲಿ ಹೊಗೆಯ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ –11 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ರೇಡಿಯೇಟರ್‌ನಲ್ಲಿ ಬರೀ ನೀರಿದ್ದರೆ ಅದು ಹಿಗ್ಗಿ ಎಂಜಿನ್ ಬ್ಲಾಕನ್ನೇ ಬಿರಿಸಬಹುದು; ಅರ್ಧ ಗ್ಲೈಕಾಲ್, ಅರ್ಧ ನೀರಿನ ಕೂಲೆಂಟ್ –35 ಡಿಗ್ರಿಯ ಆಸುಪಾಸಿನವರೆಗೂ ತಡೆಯುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗಾಗಿ –33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಊರಿನಲ್ಲಿ ತುಂಬಿಸಿದ ಡೀಸೆಲ್ ಘಾಟಿ ಹತ್ತುವ ಮೊದಲೇ ಆದಷ್ಟು ಖಾಲಿಯಾಗಿ, ಟ್ಯಾಂಕಿಗೆ ಅಲ್ಲಿನ ಡೀಸೆಲ್ ಬೀಳಬೇಕು. ಸೀಮೆಎಣ್ಣೆ ಬೆರೆಸುವ ಹಳೆಯ ರೂಢಿ ಹೊಸ ಎಂಜಿನ್‌ಗಳ ಪಂಪಿಗೆ ಆಗಿಬರುವುದಿಲ್ಲ.