ಮಗ ಓದಲು ಎದ್ದಾಗ ಅಪ್ಪ ಕೌದಿಯೊಳಗೆ

ಪುಷ್ಯ ಮಾಸದ ಬೆಳಗಿನ ಐದು ಗಂಟೆ. ಹುನಗುಂದ ಸೀಮೆಯ ರಾಮಥಾಳದ ಸುತ್ತ ಬಿಳಿಜೋಳದ ಹೊಲಗಳ ಮೇಲೆ ಇಬ್ಬನಿ ಇಳಿದಿರುತ್ತದೆ. ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಆ ಹೊತ್ತಿಗೆ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: 'ಏಳೋ ತಮ್ಮಾ, ಐದು ಹೊಡೀತು, ಓದಾಕ ಕುಂದರು.' ಹುಡುಗ ಕಣ್ಣುಜ್ಜುತ್ತ ಏಳುತ್ತಾನೆ. ಎಬ್ಬಿಸಿದ ಅಪ್ಪ ಕೌದಿ ಎಳೆದುಕೊಂಡು ಮಗ್ಗುಲು ಬದಲಿಸುತ್ತಾರೆ. ದಸರೆಯವರೆಗೆ ಒಂದು ದಿನವೂ ನಡಿಗೆ ತಪ್ಪಿಸದಿದ್ದವರು ಇವರೇ. ದೀಪಾವಳಿ ಕಳೆದದ್ದೇ, 'ಥಂಡಿ ಭಾಳ ಅದ, ಸಂಕ್ರಾಂತಿ ಮುಗೀಲಿ' ಎಂದರು.

ಬಾಗಲಕೋಟೆ ಜಿಲ್ಲೆಯ ಚಳಿಯೇನೂ ಕಾಶ್ಮೀರದ ಚಳಿಯಲ್ಲ. ಒಂಬತ್ತು ಗಂಟೆಗೆಲ್ಲ ಬಿಸಿಲು ಚುರುಕಾಗುತ್ತದೆ. ಆದರೂ ನಲವತ್ತೈದು ದಾಟಿದ ದೇಹಕ್ಕೆ ಈ ಎರಡು ಮೂರು ತಿಂಗಳು ಸಲೀಸಲ್ಲ. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ತುಸು ಏರುತ್ತದೆ. ಬಾಯಾರಿಕೆ ಕಡಿಮೆಯಾಗಿ ನೀರು ಕುಡಿಯುವುದು ಮರೆಯುತ್ತದೆ. ಸಂಜೆಯಾದರೆ ಗಿರಮಿಟ್ಟು, ಮಿರ್ಚಿ ಭಜಿ ಕೈಬೀಸಿ ಕರೆಯುತ್ತವೆ. ನಡಿಗೆ ನಿಲ್ಲುವುದೂ ಇದೇ ಕಾಲಕ್ಕೆ. ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದವರಿಗೆ ಇದರ ಲೆಕ್ಕ ಮುಂದಿನ ತಪಾಸಣೆಯಲ್ಲಿ ಸಿಗುತ್ತದೆ.

ನಡಿಗೆ ನಿಲ್ಲುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಬಹಳ ಮಂದಿ ತಮ್ಮ ಅಭ್ಯಾಸವನ್ನು ಐದೂವರೆ ಗಂಟೆ ಎಂಬ ಒಂದೇ ಗೂಟಕ್ಕೆ ಕಟ್ಟಿರುತ್ತಾರೆ. ಚಳಿಗೆ ಆ ಗೂಟ ಸಡಿಲವಾದರೆ ಎಲ್ಲವೂ ಕಳಚಿತು. ಬೆಳಿಗ್ಗೆ ಆಗದಿದ್ದರೆ ಸಂಜೆ ಇದೆಯಲ್ಲ! ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ. ಅದನ್ನು ನಸುಕಿನಲ್ಲೇ ಮಾಡಬೇಕೆಂದು ಎಲ್ಲೂ ಹೇಳಿಲ್ಲ, ಹತ್ತು ಹತ್ತು ನಿಮಿಷವಾಗಿ ಹಂಚಿಕೊಂಡರೂ ನಡೆದೀತು. ಬಿಪಿ, ಹೃದಯದ ತೊಂದರೆ ಇದ್ದವರಂತೂ ಬಿಸಿಲೇರಿದ ಮೇಲೆಯೇ ಹೊರಬೀಳುವುದು ಕ್ಷೇಮ. ನಡೆಯುತ್ತೇನೆಂದು ಗುಳಿಗೆ ಬಿಡುವ ಜಾಣರೂ ಇದ್ದಾರೆ, ಅದು ಬೇಡ.

ರೈತನ ಕಾಲು ಹೊಲದಲ್ಲಿ ಹೇಗೂ ಸವೆಯುತ್ತದೆ. ಕುರ್ಚಿಯಲ್ಲಿ ಕೂರುವ ಮಾಸ್ತರರು, ಗಲ್ಲಾಪೆಟ್ಟಿಗೆ ಬಿಡದ ಅಂಗಡಿಯವರು, ಕುಣಿಮಗ್ಗದಲ್ಲಿ ದಿನವಿಡೀ ಕೂತು ನೇಯುವ ಇಳಕಲ್ಲಿನ ನೇಕಾರರು ಮಾತ್ರ ನಡುನಡುವೆ ಎದ್ದು ಬೆನ್ನು ನೆಟ್ಟಗೆ ಮಾಡಿ ನಾಲ್ಕು ಹೆಜ್ಜೆ ಹಾಕಲೇಬೇಕು.

ಇನ್ನು ಅಮ್ಮನ ಮಾತು. ನಸುಕಿಗೇ ಎದ್ದು, ರೊಟ್ಟಿ ಬಡಿದು, ಎಲ್ಲರ ಬುತ್ತಿ ಕಟ್ಟಿದವಳಿಗೆ 'ನೀನೂ ವಾಕಿಂಗ್ ಹೋಗು' ಎನ್ನುವುದು ಬಾಯುಪಚಾರ. ಮನೆಗೆಲಸವೇ ಅವಳಿಗೆ ವ್ಯಾಯಾಮ ಎನ್ನುವ ಗಂಡಸರು ಒಂದು ವಾರ ಆ ಕೆಲಸ ಮಾಡಿ ನೋಡಲಿ, ದಣಿವಿಗೂ ವ್ಯಾಯಾಮಕ್ಕೂ ಇರುವ ಅಂತರ ತಿಳಿದೀತು. ಅವಳಿಗೆ ಬೇಕಾದದ್ದು ಉಪದೇಶವಲ್ಲ, ದಿನಕ್ಕೆ ಅರ್ಧ ಗಂಟೆ ಬಿಡುವು. ಕೊಡ ತುಂಬುವುದು, ಪಾತ್ರೆ ತೊಳೆಯುವುದು ಅಪ್ಪ ಮಕ್ಕಳ ಪಾಲಿಗೆ ಬಂದರೆ ಆ ಬಿಡುವು ತಾನೇ ಹುಟ್ಟುತ್ತದೆ.

ಊಟದಲ್ಲಿ ಚಳಿಗಾಲವನ್ನು ಶತ್ರುವೆಂದು ತಿಳಿಯಬೇಕಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಸಿ ಗಜ್ಜರಿ, ಮೆಂತ್ಯ ಸೊಪ್ಪು, ಅವರೆಕಾಳು ಎಲ್ಲವೂ ಈ ಕಾಲದ ಕೊಡುಗೆಗಳೇ. ಕೆಂಡದಲ್ಲಿ ಸುಟ್ಟು ತಿಕ್ಕಿದ ಸೀತನಿಯನ್ನು ಬಿಡಿ ಎಂದು ಈ ಸೀಮೆಯವರಿಗೆ ಹೇಳಿ ಬದುಕಿದವರುಂಟೆ? ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಶೇಂಗಾ ಚಟ್ನಿಯ ಜೊತೆ ಒಂದು ಹಿಡಿ ತಿಂದು ಏಳಲಿ. ಕಷ್ಟವಿರುವುದು ಆ ಏಳುವುದರಲ್ಲೇ.

ಹೊಸ ವರ್ಷದ ದಿನ ಹೊಸ ಬೂಟು ಹಾಕಿ ಐದು ಕಿಲೋಮೀಟರ್ ಓಡಿ, ನಾಲ್ಕನೇ ದಿನ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವವರು ಎಲ್ಲ ಊರಿನಲ್ಲೂ ಇದ್ದಾರೆ. ರಾಮಥಾಳದ ಹೆಸರು ನಾಡಿಗೆ ಗೊತ್ತಾದದ್ದು ಸುಮಾರು 24 ಸಾವಿರ ಹೆಕ್ಟೇರ್‌ಗೆಂದು ರೂಪಿಸಿದ ಹನಿ ನೀರಾವರಿ ಯೋಜನೆಯಿಂದ. ಒಮ್ಮೆಲೇ ನೆಲ ತೋಯಿಸುವ ಬದಲು ಬೇರಿಗೆ ಹನಿಹನಿಯಾಗಿ ಉಣಿಸುವ ಲೆಕ್ಕ ಅಲ್ಲಿನ ರೈತರಿಗೆ ಯಾರೂ ಕಲಿಸಬೇಕಿಲ್ಲ.

ಅಭ್ಯಾಸಕ್ಕೂ ಇಂಥದೊಂದು ಲೆಕ್ಕವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದಿಷ್ಟು: ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಇಲ್ಲ. ಈ ಕೊನೆಯ ಮಾತು ನಡುವಯಸ್ಸಿನವರಿಗೆ ಮುಖ್ಯ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ರಾತ್ರಿಯಿಡೀ ನಾಟಕ ನೋಡಿ ಬಂದವರು ಮರುದಿನ ಮಲಗಿದರೆ ಮಲಗಲಿ, ಅದರ ಮರುದಿನ ಎದ್ದರಾಯಿತು.

ಸಂಕ್ರಾಂತಿಯ ದಿನ, ಜನವರಿ 15ಕ್ಕೆ ಶುರು ಮಾಡಿದರೆ 66ನೇ ದಿನ ಬರುವುದು ಮಾರ್ಚ್ 21ಕ್ಕೆ. ಹತ್ತನೇ ತರಗತಿಯ ಪರೀಕ್ಷೆ ಬರುವುದೂ ಹೆಚ್ಚುಕಡಿಮೆ ಆಗಲೇ. ಹಾಗಾಗಿ ಮಗನ ಓದಿಗೇ ಅಪ್ಪನ ನಡಿಗೆಯನ್ನು ಗಂಟು ಹಾಕಬಹುದು. ಮಗ ಪುಸ್ತಕ ಬಿಚ್ಚಿದಾಗ ಅಪ್ಪನೂ ಏಳಬೇಕು. ಬೆಳಕು ಹರಿಯುವವರೆಗೆ ಮನೆಯೊಳಗೇ ಕೈಕಾಲು ಆಡಿಸಿ, ಬಿಸಿನೀರು ಕುಡಿದು, ಆಮೇಲೆ ಕಿವಿಗೆ ಮಫ್ಲರ್ ಸುತ್ತಿ ಹೊರಡಬೇಕು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗೆರೆ. ಆ ಗೆರೆ ಎಳೆಯುವ ಪೆನ್ನು ಮಾತ್ರ ಮಗನ ಕೈಯಲ್ಲಿರಲಿ.